ಕುದುರೆಮುಖದ ತುದಿಯಲ್ಲಿ ನಿಂತು ಮುಳ್ಳಯ್ಯನಗಿರಿ ಹುಡುಕುವುದು

ಕಳಸದಲ್ಲಿ ಬೆಳೆದ ನನಗೆ ಎತ್ತರ ಅಂದ್ರೆ ಕುದುರೆಮುಖ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಎಂದು ಶಾಲೆಯಲ್ಲಿ ಓದಿದ ದಿನ ಅಜ್ಜನಿಗೆ ಹೇಳಿದೆ. "ಯಾರು ಅಳೆದು ನೋಡಿದ್ದಂತೆ ಮಾರಾಯ?" ಅಂದ್ರು. ಮುಳ್ಳಯ್ಯನಗಿರಿ ಸುಮಾರು 1,925 ಮೀಟರ್, ಕುದುರೆಮುಖ ಸುಮಾರು 1,890. ಕಣ್ಣಳತೆಗೆ ಸಿಗುವ ವ್ಯತ್ಯಾಸ ಅಲ್ಲ ಅದು.

ಈಗ ನನ್ನ ಕೆಲಸವೂ ಶಿಖರ ಹುಡುಕುವುದೇ. ಖರ್ಚು ಕಡಿಮೆ, ಲಾಭ ಜಾಸ್ತಿ ಆಗುವ ಬಿಂದು ಯಾವುದು ಅಂತ ಪ್ರೋಗ್ರಾಂ ಹುಡುಕುತ್ತದೆ. ಅದರ ಸಾಮಾನ್ಯ ವಿಧಾನ, ಮಂಜಿನಲ್ಲಿ ಕಾಲಿಗೆ ಏರು ಸಿಕ್ಕ ಕಡೆ ಹತ್ತುತ್ತಾ ಹೋಗುವುದು. ಕಳಸದ ಕಡೆಯಿಂದ ಹೊರಟರೆ ಕುದುರೆಮುಖದ ತುದಿಯಲ್ಲಿ ನಿಂತು "ಇದೇ ಅತಿ ಎತ್ತರ" ಅಂದುಬಿಡುತ್ತದೆ. ಮುಳ್ಳಯ್ಯನಗಿರಿಗೆ ಹೋಗಬೇಕಾದರೆ ಮೊದಲು ಭದ್ರೆಯ ಕಣಿವೆಗೆ ಇಳಿಯಬೇಕು. ಇಳಿಯೋದು ಅದಕ್ಕೆ ಗೊತ್ತಿಲ್ಲ.

ಅಜ್ಜನ ಪ್ರಶ್ನೆಗೆ ಉತ್ತರ ಶುರುವಾಗುವುದು ವಿಲಿಯಂ ಲ್ಯಾಂಬ್ಟನ್‌ನಿಂದ. 1800ರಲ್ಲಿ ಆತ ಬೆಂಗಳೂರಿನ ಬಳಿ ಸರಪಳಿ ಎಳೆದು ಒಂದು ನೇರ ಗೆರೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದು. ಒಂದು ಬದಿಯ ಉದ್ದ, ಎರಡು ಕೋನ ಗೊತ್ತಿದ್ದರೆ ತ್ರಿಕೋನದ ಉಳಿದ ಬದಿಗಳು ಲೆಕ್ಕಕ್ಕೆ ಸಿಗುತ್ತವೆ. ಆ ಬದಿಯೇ ಮುಂದಿನ ತ್ರಿಕೋನಕ್ಕೆ ತಳಹದಿ. ಹೀಗೆ ಮಂಗಳೂರು ಕರಾವಳಿವರೆಗೂ ತ್ರಿಕೋನ ಹೆಣೆದರು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆ ಅಳೆದು ತಾಳೆ ನೋಡಿದಾಗ ಬಂದ ವ್ಯತ್ಯಾಸ ಕೆಲವೇ ಅಂಗುಲ. ದೂರದ ಬೆಟ್ಟಗಳನ್ನು ಒಂದೇ ಅಳತೆಗೋಲಿನಲ್ಲಿ ಹೋಲಿಸೋಕೆ ಸಾಧ್ಯವಾದದ್ದು ಇಂಥ ಸರ್ವೆಗಳಿಂದ.

ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗುವ ಇದೇ ಬುದ್ಧಿ ಗಣಿತದಲ್ಲೂ ಇದೆ. ಹೆಸರು ಹೋಮೋಟೋಪಿ ವಿಧಾನ. ಉತ್ತರ ಗೊತ್ತಿರುವ ಸುಲಭದ ಲೆಕ್ಕ ತಗೊಳ್ಳಿ. ಅದನ್ನು ನಿಧಾನವಾಗಿ ಕಷ್ಟದ ಲೆಕ್ಕವಾಗಿ ಬದಲಾಯಿಸುತ್ತಾ ಹೋಗಿ. ಉತ್ತರಗಳೂ ಜರುಗುತ್ತವೆ. ಅವುಗಳ ಬೆನ್ನು ಹತ್ತಿ. 1953ರಲ್ಲಿ ಸೋವಿಯತ್ ಗಣಿತಜ್ಞ ಡಾವಿಡೆಂಕೊ ಈ ಜರುಗುವ ದಾರಿಯನ್ನು ಡಿಫರೆನ್ಷಿಯಲ್ ಸಮೀಕರಣವಾಗಿ ಬರೆದ. 1976ರಲ್ಲಿ ಕೆಲಾಗ್, ಲೀ, ಯಾರ್ಕ್ ಹೀಗೆ ದಾರಿ ಹಿಡಿದೇ ಬ್ರೌವರ್ ಪ್ರಮೇಯದ ಸ್ಥಿರಬಿಂದುವನ್ನು ಲೆಕ್ಕ ಹಾಕಬಹುದೆಂದು ತೋರಿಸಿದರು. ಅದೇ ದಶಕದ ಕೊನೆಗೆ ಡ್ರೆಕ್ಸ್‌ಲರ್, ಗಾರ್ಸಿಯಾ, ಜಾಂಗ್‌ವಿಲ್ ಬಹುಪದೋಕ್ತಿ ಸಮೀಕರಣಗಳ ಎಲ್ಲ ಉತ್ತರಗಳನ್ನೂ ಹುಡುಕುವ ದಾರಿ ಕೊಟ್ಟರು.

'ಎಲ್ಲ' ಅನ್ನೋದೇ ಇಲ್ಲಿ ಮುಖ್ಯ. ಶಿಖರದ ತುದಿಯಲ್ಲಿ, ಕಣಿವೆಯ ತಳದಲ್ಲಿ, ಎರಡು ಬೆಟ್ಟಗಳ ನಡುವಿನ ಘಾಟಿಯಲ್ಲಿ ಇಳಿಜಾರು ಸೊನ್ನೆ. ಅಂಥ ಬಿಂದುಗಳೆಲ್ಲ ಕೈಗೆ ಸಿಕ್ಕರೆ ಎತ್ತರ ಹೋಲಿಸಿ ದೊಡ್ಡದನ್ನು ಆರಿಸಿದರಾಯಿತು. ವಾಸ್ತವ ಸಂಖ್ಯೆಗಳಲ್ಲೇ ನಡೆದರೆ ಎರಡು ದಾರಿ ಡಿಕ್ಕಿ ಹೊಡೆದು ಮಾಯವಾಗಬಹುದು. ಅದಕ್ಕೇ ಸಮ್ಮಿಶ್ರ ಸಂಖ್ಯೆಗಳ ಬಯಲಿನಲ್ಲಿ ಸುತ್ತಿ ಬರುತ್ತಾರೆ.

ಇದರ ಬೆಲೆ ಮಾತ್ರ ದುಬಾರಿ. ಹತ್ತು ಚರಾಕ್ಷರಗಳ, ನಾಲ್ಕನೇ ಘಾತದ ಒಂದು ಲೆಕ್ಕಕ್ಕೆ 59,049 ದಾರಿ ಹಿಡಿಯಬೇಕಾಗಬಹುದು. ನಮ್ಮ ಆಫೀಸಿನ ಲೆಕ್ಕಗಳಲ್ಲಿ ಚರಾಕ್ಷರಗಳು ಸಾವಿರಾರು. ಹಾಗಾಗಿ ನಾವು ನಾಲ್ಕಾರು ಕಡೆಯಿಂದ ಬೆಟ್ಟ ಹತ್ತಿ, ಸಿಕ್ಕಿದ್ದರಲ್ಲಿ ಎತ್ತರದ್ದನ್ನು ಹಿಡಿದು, ಸ್ಲೈಡಿನಲ್ಲಿ 'ಅತ್ಯುತ್ತಮ' ಅಂತ ಬರೆಯುತ್ತೇವೆ.

ಇತ್ತೀಚೆಗೆ ನಾನು ಆ ಪದ ಅಳಿಸಿ 'ಇದುವರೆಗೆ ಸಿಕ್ಕಿದ್ದರಲ್ಲಿ ಉತ್ತಮ' ಎಂದು ಬರೆಯಲು ಶುರು ಮಾಡಿದ್ದೇನೆ. ಮ್ಯಾನೇಜರಿಗೆ ಅಷ್ಟೇನೂ ಹಿಡಿಸಿಲ್ಲ. ಆದರೆ ಅಜ್ಜ ಕೇಳಿದ ಹಾಗೆ ಯಾರಾದರೂ "ಯಾರು ಅಳೆದು ನೋಡಿದ್ದು?" ಅಂದರೆ ಸುಳ್ಳು ಹೇಳಬೇಕಾಗಿಲ್ಲ.