ತೋಟಿ ಹೊಲದ ಕಾಗದಗಳು

ನಮ್ಮೂರ ಕೆರೆಯ ಕೆಳಗೆ ಒಂದೂವರೆ ಎಕರೆಯ ಹೊಲವೊಂದಿದೆ. ಈಗ ಅಲ್ಲಿ ಬೇರೆಯವರ ಅಡಿಕೆ ಸಸಿಗಳಿವೆ. ಆದರೂ ಊರವರು ಅದನ್ನು ಇವತ್ತಿಗೂ ‘ತೋಟಿ ಹೊಲ’ ಅಂತಲೇ ಕರೆಯುತ್ತಾರೆ. ಆ ತೋಟಿ ನಮ್ಮಜ್ಜ. ಹೊಲ ಏನಾಯಿತು ಅಂತ ಕೇಳಿದಾಗಲೆಲ್ಲ ಅಪ್ಪ ಹೇಳುತ್ತಿದ್ದುದು ಒಂದೇ ಮಾತು: ‘ನಿಮ್ಮಜ್ಜ ಕುಡಿದು ಕಳೆದ.’ ನಾನು ವಂಶದ ಹೆಸರು ಹುಡುಕಲು ಹೊರಟೆ. ಸಿಕ್ಕಿದ್ದು ಈ ಮಾತಿಗೆ ಉತ್ತರ.

ತೋಟಿ ಇನಾಂ ಅಂದರೆ ಚಾಕರಿಗೆ ಪ್ರತಿಯಾಗಿ ಬಿಟ್ಟ ಜಮೀನು. ಡಂಗುರ ಸಾರುವುದು, ಶಾನುಭೋಗರ ಲೆಕ್ಕದ ಗಂಟು ಹೊರುವುದು, ಕಂದಾಯದ ಹಣದ ಜೊತೆ ತಾಲ್ಲೂಕಿಗೆ ನಡೆಯುವುದು, ಎಲ್ಲವೂ ತೋಟಿಯ ಕೆಲಸವೇ. ಇಂಥ ಇನಾಮುಗಳು ಅರಸರ ಕಾಲದಿಂದ ಬಂದವು. ಆದರೆ ಅವನ್ನು ಪುಸ್ತಕಕ್ಕೆ ಇಳಿಸಿದ್ದು ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದ 1831ರಿಂದ 1881ರ ಅವಧಿಯಲ್ಲಿ. 1863ರಲ್ಲಿ ಚಿತ್ರದುರ್ಗದ ಕಡೆಯಿಂದ ಕಂದಾಯ ಸರ್ವೆ ಶುರುವಾಯಿತು. 1866ರಲ್ಲಿ ಇನಾಂ ಕಮಿಷನ್ ಬಂತು. ದೇವಸ್ಥಾನದ ದೇವಾದಾಯ, ಕೆರೆ ಕಟ್ಟಿದವರ ಕಟ್ಟುಕೊಡಗಿ, ಗ್ರಾಮ ಚಾಕರಿಯ ಇನಾಂ ಹೀಗೆ ವಿಂಗಡಿಸಿ ದಾಖಲು ಮಾಡಿದರು. ಸರ್ಕಾರಕ್ಕೆ ಬೇಕಾಗಿದ್ದುದು ಕಂದಾಯದ ಲೆಕ್ಕ. ಆ ಲೆಕ್ಕದ ಸಾಲುಗಳಲ್ಲೇ ನಮ್ಮಂಥವರ ಮುತ್ತಜ್ಜಂದಿರ ಹೆಸರುಗಳು ಉಳಿದುಕೊಂಡಿವೆ.

ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನಮ್ಮೂರು ಆಗ ಯಾರ ಆಳ್ವಿಕೆಯಲ್ಲಿತ್ತು? ಧಾರವಾಡ, ಬೆಳಗಾವಿ ಕಡೆಯವರಾದರೆ ಮುಂಬೈ ಸರ್ಕಾರದ ವತನ್ ದಾಖಲೆ ನೋಡಬೇಕು. ಅಲ್ಲಿನ ಹಳೆಯ ಕಾಗದ ಮೋಡಿ ಲಿಪಿಯಲ್ಲಿರಬಹುದು, ಓದಬಲ್ಲವರನ್ನು ಹುಡುಕಬೇಕಾಗುತ್ತದೆ. ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಅಲ್ಲಿಯವರಿಗೆ 1860ರ ದಶಕದ ಇನಾಂ ರಿಜಿಸ್ಟರುಗಳಿವೆ. ಕಲಬುರಗಿ ಕಡೆ ನಿಜಾಮರ ಕಾಲದ ಉರ್ದು, ಕೊಡಗಿನಲ್ಲಿ ಜಮ್ಮಾ ಜಮೀನಿನ ಲೆಕ್ಕ. ನಮ್ಮದು ಹಳೇ ಮೈಸೂರು, ಆದ್ದರಿಂದ ಕನ್ನಡವೇ ಸಿಕ್ಕಿತು.

ಇವತ್ತಿನಿಂದ ಹಿಂದಕ್ಕೆ ನಡೆಯುವುದು ಸುಲಭದ ದಾರಿ. ಕಂಪ್ಯೂಟರ್ ಪಹಣಿ ಬಂದಿದ್ದು ಸುಮಾರು 2000ದ ಹೊತ್ತಿಗೆ. ಅದಕ್ಕೂ ಹಿಂದಿನದಕ್ಕೆ ಸರ್ವೆ ನಂಬರ್ ಹಿಡಿದು ತಾಲ್ಲೂಕಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಕೈಬರಹದ ಪಹಣಿ ಕೇಳಬೇಕು. 9ನೇ ಕಾಲಂನಲ್ಲಿ ಮಾಲೀಕ, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಋಣ, 12ರಲ್ಲಿ ಸಾಗುವಳಿ. ಹತ್ತನೇ ಕಾಲಂನ ಮ್ಯುಟೇಶನ್ ನಂಬರ್ ಹಿಡಿದರೆ ಹಿಂದಿನ ಮಾಲೀಕ ಸಿಗುತ್ತಾನೆ. ಅಲ್ಲಿಂದಾಚೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆಕಾರಬಂದ್, ಟಿಪ್ಪಣಿ. ಕ್ರಯ, ಭೋಗ್ಯದ ಪತ್ರಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿ.

ನಾನು ಮೂರು ಸಲ ಹೋಗಿ ಬಂದ ಮೇಲೆ ಕಾಗದಗಳು ಸಿಕ್ಕವು. ಹಳೆಯ ಪುಸ್ತಕದಲ್ಲಿ ಮುತ್ತಜ್ಜನ ಅಪ್ಪನ ಹೆಸರಿತ್ತು, ಹಿಂದೆ ‘ತೋಟಿ’ ಅಂತಿತ್ತು. ಶಾನುಭೋಗರ ಹೆಸರಿನ ಜೊತೆ ಅವರ ಅಪ್ಪನ ಹೆಸರೂ ಇತ್ತು. ನಮ್ಮವರಿಗೆ ಇರಲಿಲ್ಲ. ನಮ್ಮ ವಂಶವೃಕ್ಷ ಅಲ್ಲಿಗೆ ನಿಂತಿತು.

ಆದರೆ ಈಚೆಗಿನ ಕಾಗದಗಳಲ್ಲಿ ಅಜ್ಜ ಇದ್ದ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು, ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳ ಜೊತೆ ತೋಟಿ, ತಳವಾರಿಕೆಯೂ ಹೋದವು. ಜಮೀನು ಸರ್ಕಾರಕ್ಕೆ ಸೇರಿತು. ಚಾಕರಿ ಮಾಡಿದವರು ಹಣ ಕಟ್ಟಿ ಮರುಮಂಜೂರು ಮಾಡಿಸಿಕೊಳ್ಳಬೇಕಿತ್ತು. ಅಜ್ಜ ಕಟ್ಟಿದ್ದ. ಮಂಜೂರಾತಿ ಆದೇಶ ಬಂದ ಹನ್ನೊಂದನೇ ದಿನ ಒಂದು ಭೋಗ್ಯಪತ್ರ ರಿಜಿಸ್ಟರ್ ಆಗಿದೆ. ಅದರಲ್ಲಿ ಕಾರಣವೂ ಇದೆ: ಸರ್ಕಾರಕ್ಕೆ ಕಟ್ಟಲು ತಂದ ಕೈಸಾಲ. ನಾಲ್ಕು ವರ್ಷಕ್ಕೆ ಅದೇ ಸಾಲಗಾರರ ಹೆಸರಿಗೆ ಕ್ರಯ. ಕೆಳಗೆ ಅಜ್ಜನ ಎಡಗೈ ಹೆಬ್ಬೆಟ್ಟು.

ಹೊಲ ವಾಪಸ್ ಬರುತ್ತದೆಯೇ ಅಂತ ಚಿಕ್ಕಪ್ಪ ಕೇಳಿದರು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯ ಭರವಸೆ ಅವರಿಗಿತ್ತು. ಆದರೆ ಆ ಕಾಯ್ದೆ ‘ಮಂಜೂರಾದ ಜಮೀನು’ ಯಾವುದೆಂದು ಹೇಳುವಾಗ ವಂಶಪಾರಂಪರ್ಯದ ಹುದ್ದೆಗೆ ಸಂಬಂಧಿಸಿದ್ದನ್ನು ಹೊರಗಿಟ್ಟಿದೆ. ದರಖಾಸ್ತಿನಲ್ಲಿ ಸಿಕ್ಕ ಹೊಲಕ್ಕೆ ಇರುವ ರಕ್ಷಣೆ, ತಲೆಮಾರುಗಳು ಚಾಕರಿ ಮಾಡಿ ಉಳಿಸಿಕೊಂಡ ಹೊಲಕ್ಕಿಲ್ಲ. ಜಮೀನಿನ ಮೂಲ ತಿಳಿಯದೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯುವವರು ಮೊದಲು ಈ ಹಳೆಯ ಕಾಗದ ನೋಡುವುದು ಒಳ್ಳೆಯದು.

ಅಜ್ಜ ಕುಡಿಯುತ್ತಿರಲಿಲ್ಲ ಅಂತ ಯಾವ ದಾಖಲೆಯೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಹೊಲ ಹೋಗಿದ್ದು ಅದನ್ನು ಉಳಿಸಿಕೊಳ್ಳಲು ಮಾಡಿದ ಸಾಲಕ್ಕೆ. ನಕಲು ಪ್ರತಿಯನ್ನು ಅಪ್ಪನಿಗೆ ಓದಿ ಹೇಳಿದೆ. ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಕುಳಿತರು. ಆಮೇಲೆ ಅಜ್ಜಿಯ ಟ್ರಂಕು ತೆಗೆದು, ಕಾಗದವನ್ನು ಮಡಿಸಿ ಅದರಲ್ಲಿಟ್ಟರು.