ರದ್ದಿಯಿಂದ ರಟ್ಟಿನ ಹೊದಿಕೆಗೆ

ವಾರಪತ್ರಿಕೆಯ ಆಯುಷ್ಯವೆಷ್ಟು? ಓದುವ ತನಕ ಕೈಯಲ್ಲಿ, ಓದಿದ ಮೇಲೆ ಕಪಾಟಿಗೆ ಹಾಸಲು, ಕೊನೆಗೆ ರದ್ದಿಯವನ ತಕ್ಕಡಿಗೆ. ಇಂಗ್ಲೆಂಡಿನ ಮಕ್ಕಳ ಚಿತ್ರಕಥೆಗಳ ಹಣೆಬರಹವೂ ಇದೇ ಆಗಿತ್ತು. ಅಂಥ ಕಾಗದಕ್ಕಾಗಿ ಜೀವ ತೇಯ್ದ ಫ್ರಾಂಕ್ ಹ್ಯಾಂಪ್ಸನ್ ಎಂಬ ಚಿತ್ರಕಾರರ ಬದುಕು ನನ್ನನ್ನು ಬಹಳ ಕಾಡಿದೆ.

1950ರ ಏಪ್ರಿಲ್ 14ರಂದು ‘ಈಗಲ್’ ವಾರಪತ್ರಿಕೆ ಹೊರಬಂತು. ಸಂಪಾದಕ ಮಾರ್ಕಸ್ ಮಾರಿಸ್ ಒಬ್ಬ ಪಾದ್ರಿ. ಅಮೆರಿಕದಿಂದ ಬರುತ್ತಿದ್ದ ರಕ್ತಪಾತದ ಕಾಮಿಕ್ಸ್ ಬದಲು ಮಕ್ಕಳ ಕೈಗೆ ಒಳ್ಳೆಯದನ್ನು ಕೊಡಬೇಕೆಂಬುದು ಅವರ ಹಟ. ಮುಖಪುಟದಲ್ಲೇ ಹ್ಯಾಂಪ್ಸನ್ನರ ‘ಡ್ಯಾನ್ ಡೇರ್’. ಭೂಮಿಯಲ್ಲಿ ಆಹಾರ ಸಾಲದೆ ಶುಕ್ರಗ್ರಹಕ್ಕೆ ಹೊರಟವರ ಕಥೆ. ಬರಿಯ ಕಲ್ಪನೆ ಎನ್ನಬೇಡಿ. ಯುದ್ಧ ಮುಗಿದು ಐದು ವರ್ಷವಾದರೂ ಅಲ್ಲಿಯ ಗೃಹಿಣಿಯರು ರೇಷನ್ ಪುಸ್ತಕ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಅದು ಪೂರ್ತಿ ತಪ್ಪಿದ್ದು 1954ರಲ್ಲಿ.

ವಾರಕ್ಕೆ ಎರಡು ಪುಟ, ಅಷ್ಟೇ. ಆದರೆ ಸೌತ್‌ಪೋರ್ಟ್ ಊರಿನ ಹಳೆಯ ಬೇಕರಿಯೊಂದರಲ್ಲಿ ಅದಕ್ಕಾಗಿ ಒಂದು ತಂಡವೇ ದುಡಿಯುತ್ತಿತ್ತು. ಗಗನನೌಕೆಯ ಮಾದರಿ ಮಾಡಿ, ಬೆಳಕು ಬಿಟ್ಟು ನೆರಳು ನೋಡುವರು. ತಂಡದವರೇ ವೇಷ ತೊಟ್ಟು ನಿಂತು ಫೋಟೋ ತೆಗೆಸಿಕೊಳ್ಳುವರು. ಹಿರಿಯ ಅಧಿಕಾರಿಯ ಪಾತ್ರಕ್ಕೆ ಹ್ಯಾಂಪ್ಸನ್ನರ ತಂದೆಯೇ ಮಾದರಿ. ಸ್ಲೇಡ್ ಕಲಾಶಾಲೆಯಲ್ಲಿ ಕಲಿತು ಬಂದ ಗ್ರೆಟಾ ಟಾಮ್ಲಿನ್‌ಸನ್ ಎಂಬ ಹುಡುಗಿ ತಾನೂ ಚಿತ್ರ ಬರೆಯುತ್ತ, ಪ್ರೊಫೆಸರ್ ಪೀಬಾಡಿಯ ಪಾತ್ರಕ್ಕೆ ರೂಪ ಕೊಟ್ಟಳು. ಕಥೆಯಲ್ಲಿ ಪ್ರೊಫೆಸರ್ ಎಂದರೆ ಗಂಡಸೇ ಇರಬೇಕೆಂದು ಕಾದವರೆದುರು ಒಬ್ಬ ಹೆಂಗಸು ಬಂದು ನಿಲ್ಲುತ್ತಾಳೆ! ಓದುವಾಗ ನನಗೆ ಎಷ್ಟು ಖುಷಿಯಾಯಿತೆಂದು ನಿಮಗೆ ಹೇಳಬೇಕಿಲ್ಲ.

ಇಷ್ಟು ದುಡಿದರೂ ಡ್ಯಾನ್ ಡೇರ್ ಮೇಲಿನ ಹಕ್ಕು ಅವನನ್ನು ಹಡೆದವರದಾಗಿರಲಿಲ್ಲ, ಪ್ರಕಾಶಕರದಾಗಿತ್ತು. 1959ರಲ್ಲಿ ಪತ್ರಿಕೆ ಕೈ ಬದಲಾಯಿತು. ಅದೇ ವರ್ಷ ಹ್ಯಾಂಪ್ಸನ್ ಆ ಕಥೆಯಿಂದ ದೂರವಾದರು. ಮುಂದೆ ಕಾಲೇಜೊಂದರಲ್ಲಿ ತಂತ್ರಜ್ಞರಾಗಿ ದುಡಿದರು. 1975ರಲ್ಲಿ ಇಟಲಿಯ ಲುಕ್ಕಾ ಊರಿನ ಸಮ್ಮೇಳನ ಅವರನ್ನು ಮಹಾಯುದ್ಧಾನಂತರದ ಶ್ರೇಷ್ಠ ಚಿತ್ರಕಥೆಗಾರರೆಂದು ಗೌರವಿಸಿತು. 1985ರಲ್ಲಿ ತೀರಿಕೊಂಡರು. ಹಾಕ್ ಬುಕ್ಸ್‌ನವರ ವೈಭವದ ಸಂಪುಟಗಳು ಬರತೊಡಗಿದ್ದು 1987ರಿಂದ.

ತಂಗಿಯ ಮಗ ಲಂಡನ್ನಿನಿಂದ ತಂದ ಅಂಥದ್ದೊಂದು ಸಂಪುಟವನ್ನು ನಾನು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ದೊಡ್ಡ ಪುಟ, ಗಟ್ಟಿ ರಟ್ಟು, ‘ಮುಂದಿನ ವಾರಕ್ಕೆ’ ಎಂದು ಕಾಯುವ ಸಂಕಟವಿಲ್ಲ. ಇದರ ಸೆಳೆತ ನಮಗೆ ಹೊಸದಲ್ಲ. ‘ಸುಧಾ’ದಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆ ಬಿಡಿಸಿ, ಒಟ್ಟುಮಾಡಿ, ಬೈಂಡ್ ಹಾಕಿಸಿ ಟ್ರಂಕಿನಲ್ಲಿಡುತ್ತಿದ್ದ ಅಮ್ಮಂದಿರು ಊರೂರಲ್ಲಿದ್ದರು, ನನ್ನ ಅಮ್ಮನೂ ಒಬ್ಬಳು. ಚೆಲ್ಲಿಹೋಗುವುದನ್ನು ಉಳಿಸಿಕೊಳ್ಳುವ ಆಸೆ ಅದು. ಬೆಲೆಬಾಳುವ ಸಂಪುಟ ಕೊಳ್ಳುವವರದೂ ಬಹುಮಟ್ಟಿಗೆ ಅದೇ ಆಸೆ. ಜೊತೆಗೆ ತಮ್ಮ ಬಾಲ್ಯವನ್ನೂ ಕೊಂಡಂತೆ.

ಉಳಿಸಿದ್ದು ಒಳ್ಳೆಯದೇ. ಆದರೂ ಮನಸ್ಸು ಲೆಕ್ಕ ಹಾಕುತ್ತದೆ: 1985, 1987. ಇದ್ದಾಗ ಒಂದು ಒಳ್ಳೆಯ ಮಾತಿಗೂ ಬಡತನ, ಹೋದ ಮೇಲೆ ಫೋಟೋಕ್ಕೆ ಗಂಧದ ಹಾರ ಎಂಬುದನ್ನು ನಮ್ಮ ಮನೆಗಳಲ್ಲೂ ಕಂಡಿದ್ದೇವಲ್ಲ! ರಟ್ಟಿನ ಹೊದಿಕೆ ಚಿತ್ರವನ್ನು ಕಾಪಾಡೀತು. ಚಿತ್ರ ಬರೆಯುವ ಕೈಯನ್ನು ಕಾಪಾಡುವ ಕೆಲಸ ಅದು ದುಡಿಯುತ್ತಿರುವಾಗಲೇ ಆಗಬೇಕು.