ಪಾರಿವಾಳದ ಹೂವು ಕೊಲಂಬೈನ್

ಕೊಲರಾಡೊದಲ್ಲಿ ನೆಲೆಸಿರುವ ನಮಗೆಲ್ಲ ಕೊಲಂಬೈನ್ ಎಂಬ ಹೆಸರು ಚಿರಪರಿಚಿತ. ಆದರೆ 1999ರ ಏಪ್ರಿಲ್ 20ರಂದು ಆ ಹೆಸರಿನ ಶಾಲೆಯಲ್ಲಿ 12 ವಿದ್ಯಾರ್ಥಿಗಳೂ ಒಬ್ಬ ಅಧ್ಯಾಪಕರೂ ಗುಂಡಿಗೆ ಬಲಿಯಾದ ಮೇಲೆ, ಹೆಸರು ಕೇಳಿದರೆ ಹೂವಿಗಿಂತ ಮೊದಲು ಆ ದುರಂತವೇ ನೆನಪಾಗುತ್ತದೆ. ಹೂವಿನ ಕಥೆಯಾದರೋ ಶತಮಾನಗಳಷ್ಟು ಹಳೆಯದು. ನಮ್ಮ ಮಕ್ಕಳಿಗೆ ಅದೂ ತಿಳಿದಿರಲಿ.

ಲ್ಯಾಟಿನ್ ಭಾಷೆಯಲ್ಲಿ 'ಕೊಲುಂಬಾ' ಎಂದರೆ ಪಾರಿವಾಳ. ಯುರೋಪಿನ ಕೊಲಂಬೈನ್ ತಲೆತಗ್ಗಿಸಿ ಅರಳುತ್ತದೆ. ಎಸಳುಗಳ ಹಿಂದಿನ ಐದು ಕೊಂಬುಗಳು ಮೇಲಕ್ಕೆದ್ದು ಒಳಮುಖವಾಗಿ ಬಾಗಿ, ಐದು ಪಾರಿವಾಳಗಳು ಸುತ್ತ ಕುಳಿತು ನೀರು ಕುಡಿಯುವಂತೆ ಕಾಣುತ್ತವೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ 'ಅಕ್ವಿಲೀಜಿಯಾ' ಎಂದು ಹೆಸರು. ಅದು ಹದ್ದು ಎಂಬರ್ಥದ 'ಅಕ್ವಿಲಾ' ಶಬ್ದದಿಂದ ಬಂತೆಂದು ಹಲವರ ಮತ. ಕೊಂಬುಗಳು ಅವರಿಗೆ ಹದ್ದಿನ ಉಗುರಿನಂತೆ ಕಂಡವು. ಒಂದೇ ಹೂವಿನಲ್ಲಿ ಹದ್ದೂ ಪಾರಿವಾಳವೂ!

ಕ್ರೈಸ್ತರಿಗೆ ಪಾರಿವಾಳ ಪವಿತ್ರಾತ್ಮನ ಸಂಕೇತ. ಹೀಗಾಗಿ ಯುರೋಪಿನ ಹಳೆಯ ಚಿತ್ರಕಾರರು ಈ ಹೂವನ್ನು ದೇವರ ಚಿತ್ರಗಳಲ್ಲಿ ಬರೆದರು. ಮೂರು ಮೂರಾಗಿ ಒಡೆಯುವ ಎಲೆಯಲ್ಲಿ ಭಕ್ತರು ತ್ರಿಯೇಕ ದೇವರನ್ನು ಕಂಡರು. 1475ರ ಸುಮಾರಿಗೆ ಹ್ಯೂಗೊ ವಾನ್ ಡರ್ ಗೂಸ್ ಬರೆದ 'ಪೋರ್ಟಿನಾರಿ' ಚಿತ್ರ ಈಗ ಫ್ಲಾರೆನ್ಸ್ ನಗರದ ಉಫೀಜಿ ಗ್ಯಾಲರಿಯಲ್ಲಿದೆ. ಅದರಲ್ಲಿ ಹಸುಗೂಸು ಏಸುವಿನ ಮುಂದೆ ಗಾಜಿನ ಲೋಟದಲ್ಲಿ ಕೊಲಂಬೈನ್ ಇದೆ. ಮುಂದೆ ಮಗನನ್ನು ಕಳೆದುಕೊಳ್ಳಲಿರುವ ತಾಯಿ ಮೇರಿಯ ದುಃಖವನ್ನು ಅದು ಸೂಚಿಸುತ್ತದೆಂದು ವಿದ್ವಾಂಸರು ವಿವರಿಸುತ್ತಾರೆ. ಹುಟ್ಟಿನ ಸಂಭ್ರಮದಲ್ಲೂ ತಾಯಿಯ ದುಃಖದ ಗುರುತು!

ಕೊಲರಾಡೊ ಬೆಟ್ಟಗಳ ಕೊಲಂಬೈನ್ ನೀಲಿ-ಬಿಳಿ ಬಣ್ಣದ್ದು. 1820ರಲ್ಲಿ ಸ್ಟೀಫನ್ ಲಾಂಗ್ ಅವರ ತಂಡದ ಎಡ್ವಿನ್ ಜೇಮ್ಸ್ ಇದನ್ನು ಕಂಡು ದಾಖಲಿಸಿದರು. 1899ರಲ್ಲಿ ಇದು ರಾಜ್ಯದ ಹೂವಾಯಿತು. ಇದನ್ನು ಉಳಿಸಿಕೊಳ್ಳಲು 1925ರಲ್ಲಿ ಕಾನೂನೇ ಬಂತು: ಸರ್ಕಾರಿ ಜಮೀನಿನಲ್ಲಿ ಗಿಡವನ್ನು ಬೇರುಸಹಿತ ಕೀಳುವಂತಿಲ್ಲ, ಹೂವಾದರೂ ದಿನಕ್ಕೆ 25ಕ್ಕಿಂತ ಹೆಚ್ಚು ಕೊಯ್ಯುವಂತಿಲ್ಲ. ಇದರ ಬಂಧುಗಳು ನಮ್ಮ ಕಾಶ್ಮೀರದ ಹುಲ್ಲುಗಾವಲುಗಳಲ್ಲೂ ಇವೆ.

ಕೊಂಬಿನ ತುದಿಯಲ್ಲಿ ಮಕರಂದವಿರುತ್ತದೆ. ನಮ್ಮ ನೀಲಿ ಹೂವಿನ ಉದ್ದ ಕೊಂಬಿಗೆ ಉದ್ದ ನಾಲಗೆಯ ಪತಂಗಗಳು ಬರುತ್ತವೆ. ಅಮೆರಿಕದ ಪೂರ್ವ ಭಾಗದ ಕೆಂಪು-ಹಳದಿ ಜಾತಿಗೆ ಹಮ್ಮಿಂಗ್ ಬರ್ಡ್‌ಗಳು.

ಬೆಳೆಸುವುದು ಕಷ್ಟವಲ್ಲ. ಬೀಜಕ್ಕೆ ಚಳಿ ಬೇಕು. ಆದ್ದರಿಂದ ಎಲೆ ಉದುರುವ ಕಾಲದಲ್ಲೇ ತೆಳ್ಳಗೆ ಬಿತ್ತಿ, ಮಣ್ಣು ಮುಚ್ಚದೆ ಬಿಡಬೇಕು. ಸಾಮಾನ್ಯವಾಗಿ ಎರಡನೆಯ ವರ್ಷ ಹೂವು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ನೀರು ನಿಲ್ಲದ ಮಣ್ಣು ಸಾಕು. ಬಲಿತ ಗಿಡದ ಬೇರು ಆಳಕ್ಕಿಳಿದಿರುವುದರಿಂದ ಕಿತ್ತು ನೆಟ್ಟರೆ ಒಗ್ಗುವುದು ಕಷ್ಟ. ಗಿಡದ ಆಯಸ್ಸು ಕೆಲವೇ ವರ್ಷ, ಆದರೆ ಬೀಜ ತಾನೇ ಉದುರಿ ಮೊಳೆಯುತ್ತದೆ. ಅಕ್ಕಪಕ್ಕದ ಜಾತಿಗಳು ಸುಲಭವಾಗಿ ಬೆರೆಯುವುದರಿಂದ ಮರಿಗಿಡಗಳಲ್ಲಿ ಹೊಸ ಬಣ್ಣಗಳು ಬರುತ್ತವೆ. ಬೀಜವೂ ಬೇರೂ ವಿಷ. ಪುಟ್ಟ ಮಕ್ಕಳ ಬಾಯಿಗೆ ಹೋಗದಂತೆ ಎಚ್ಚರವಿರಲಿ.

ಬೆಟ್ಟಕ್ಕೆ ಹೋದಾಗ ಹೂವನ್ನು ನೋಡಿ ಸಂತೋಷಪಡೋಣ, ಕೀಳುವುದು ಬೇಡ. ನರ್ಸರಿಯಿಂದ ಬೀಜ ತಂದು ಮನೆಯಂಗಳದಲ್ಲಿ ಬಿತ್ತೋಣ. ಹೂವು ಬಿಟ್ಟಾಗ ಐದು ಪಾರಿವಾಳಗಳನ್ನು ಮಕ್ಕಳೇ ಎಣಿಸಲಿ.